ನಲವತ್ತು ಕಿಲೋದ ಪೆಟ್ಟಿಗೆ, ಅಂಗೈ ಅಗಲದ ಡಬ್ಬಿ

ಮೈಸೂರು ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಏಕಿತ್ತು ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿ. ಪಿಟೀಲಿಗೆ ಇರುವುದು ನಾಲ್ಕೇ ತಂತಿ. ಚೌಡಯ್ಯನವರು ಅದಕ್ಕೆ ಇನ್ನೂ ಮೂರು ಸೇರಿಸಿಕೊಂಡರು. ಶೋಕಿಗಲ್ಲ. ಆಗಿನ ಕಛೇರಿಗಳಲ್ಲಿ ಮೈಕು ಅಪರೂಪ. ಗಾಯಕರ ಕಂಠ ಹೇಗೋ ಚಪ್ಪರದ ಕೊನೆ ಮುಟ್ಟುತ್ತಿತ್ತು. ಪಕ್ಕದಲ್ಲಿ ಕುಳಿತ ಪಿಟೀಲಿನ ದನಿ ಅರ್ಧ ದಾರಿಯಲ್ಲೇ ಕರಗಿಹೋಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕೇಳಿಸಬೇಕಲ್ಲ ಎಂಬ ಕಾಳಜಿಯಿಂದ ಹುಟ್ಟಿದ್ದು ಆ ಏಳು ತಂತಿಯ ಪಿಟೀಲು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನ ಕಟ್ಟಿದಾಗ ಕಟ್ಟಡಕ್ಕೇ ಆ ಪಿಟೀಲಿನ ಆಕಾರ ಕೊಟ್ಟರು.

ವಾದ್ಯಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಹಿಂದಿನ ಸಾಲಿಗೆ ಕೇಳಿಸುವುದು ಹೇಗೆ? ಈ ವಾರ ನಾನು ಹೇಳಹೊರಟಿರುವ ವಾದ್ಯದ ವಿಷಯದಲ್ಲಿ ಮಾತ್ರ ಮೈಸೂರಿನ ಒಂದು ಮನೆಯಲ್ಲಿ ಆ ಪ್ರಶ್ನೆ ತಲೆಕೆಳಗಾಗಿತ್ತು: ಕೆಳಗಿನ ಮನೆಗೆ ಕೇಳಿಸದ ಹಾಗೆ ಮಾಡುವುದು ಹೇಗೆ?

ಆ ವಾದ್ಯ ಬೇಸ್ ಗಿಟಾರ್. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿಯೋ ಯುವ ದಸರಾ ವೇದಿಕೆಯಲ್ಲಿಯೋ ನೀವು ಅದನ್ನು ನೋಡಿರುತ್ತೀರಿ. ಮಾಮೂಲಿ ಗಿಟಾರಿಗಿಂತ ಕತ್ತು ಉದ್ದ, ತಂತಿ ದಪ್ಪ, ಸಾಮಾನ್ಯವಾಗಿ ನಾಲ್ಕೇ ತಂತಿ. ನುಡಿಸುವವರು ವೇದಿಕೆಯ ಒಂದು ಪಕ್ಕದಲ್ಲಿ, ಡ್ರಮ್ಸ್ ಹತ್ತಿರ, ಸದ್ದಿಲ್ಲದೆ ನಿಂತಿರುತ್ತಾರೆ. ಹಾಡುವವರ ಹೆಸರು ಎಲ್ಲರಿಗೂ ಗೊತ್ತು, ಬೇಸ್ ನುಡಿಸುವವರ ಹೆಸರು ಗೊತ್ತಿರುವವರು ಕಡಿಮೆ. ನಮ್ಮ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ಪದಗಳನ್ನು ಹಾಡಿ ಹೊರದೇಶಗಳಲ್ಲೂ ಜನರನ್ನು ಕುಣಿಸಿದ್ದನ್ನು ನೀವೆಲ್ಲ ಬಲ್ಲಿರಿ. ಅವರ ತಂಡದಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದವರು ಗೌರವ್ ವಾಜ್. ಆ ಹಾಡುಗಳು ನೆಲ ಬಿಟ್ಟು ಹಾರದಂತೆ ಹಿಡಿದು ನಿಲ್ಲಿಸಿದ್ದು ಆ ದಪ್ಪ ತಂತಿಗಳು.

ಇದು ಅರ್ಥವಾಗಬೇಕಾದರೆ ಒಂದು ಕೆಲಸ ಮಾಡಿ. 1981ರಲ್ಲಿ ಬಂದ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರದ, ಇಳಯರಾಜ ಅವರ ಸಂಗೀತವಿರುವ ಹಾಡುಗಳನ್ನು ಹಾಕಿಕೊಳ್ಳಿ. ಗಾಯಕರ ದನಿಯನ್ನು ಬಿಟ್ಟುಬಿಡಿ, ಪಿಟೀಲುಗಳನ್ನೂ ಬಿಟ್ಟುಬಿಡಿ. ಎಲ್ಲಕ್ಕಿಂತ ಕೆಳಗೆ, ಎದೆಬಡಿತದ ಪಕ್ಕದಲ್ಲಿ ನಡೆಯುತ್ತಿರುವ ಒಂದು ದನಿಯನ್ನು ಮಾತ್ರ ಹಿಂಬಾಲಿಸಿ. ಒಮ್ಮೆ ಅದು ಕಿವಿಗೆ ಸಿಕ್ಕಿತೆಂದರೆ ಆ ಹಾಡು ಇನ್ನು ಮೊದಲಿನಂತೆ ಕೇಳಿಸುವುದಿಲ್ಲ.

ತಗ್ಗು ದನಿಯ ಭಾರ

ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡಿ: ಆ ಸ್ವರದ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು! ನಿಮ್ಮ ನಡುಮನೆಗಿಂತ ಉದ್ದ. ಇಷ್ಟು ನಿಧಾನವಾದ ಅಲೆಯನ್ನು ಗಟ್ಟಿಯಾಗಿ ಎಬ್ಬಿಸಬೇಕೆಂದರೆ ಸ್ಪೀಕರು ಬಹಳ ಗಾಳಿಯನ್ನು ತಳ್ಳಬೇಕು. ಬಾವಿಯ ನೀರು ಕದಡಲು ಚಮಚ ಸಾಲದು, ಕೊಡವೇ ಬೇಕು.

ಈ ಗಿಟಾರು ಮಾರುಕಟ್ಟೆಗೆ ಬಂದದ್ದು 1951ರಲ್ಲಿ, ಅಮೆರಿಕದ ಲಿಯೋ ಫೆಂಡರ್ ಎಂಬವರ ಕಾರ್ಖಾನೆಯಿಂದ. ಅದಕ್ಕೆ ಮುಂಚೆ ಆ ತಗ್ಗು ಸ್ವರಗಳನ್ನು ಆಳೆತ್ತರದ ಮರದ ಡಬಲ್ ಬೇಸಿನಲ್ಲಿ ನುಡಿಸುತ್ತಿದ್ದರು. ಅದನ್ನು ಊರಿಂದೂರಿಗೆ ಸಾಗಿಸುವುದು ಬೀರುವನ್ನು ಬೆನ್ನ ಮೇಲೆ ಹೊತ್ತು ಓಡಾಡಿದ ಹಾಗೆ. ಫೆಂಡರ್ ವಾದ್ಯವನ್ನೇನೋ ಹಗುರ ಮಾಡಿದರು; ಭಾರ ಮಾತ್ರ ಎಲ್ಲಿಗೂ ಹೋಗಲಿಲ್ಲ, ವಾದ್ಯದಿಂದ ಆಂಪ್ಲಿಫೈಯರಿಗೆ ವರ್ಗವಾಯಿತು. 1969ರಲ್ಲಿ ಆಂಪೆಗ್ ಎಂಬ ಕಂಪನಿ ಎಸ್‌ವಿಟಿ ಎಂಬ ಬೇಸ್ ಆಂಪ್ ಹೊರತಂದಿತು. ಅದರಲ್ಲಿ ಹಳೇ ರೇಡಿಯೋಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳು ಹದಿನಾಲ್ಕು. ಶಕ್ತಿ 300 ವ್ಯಾಟ್. ತೂಕ ಹತ್ತಿರ ಹತ್ತಿರ ನಲವತ್ತು ಕಿಲೋ. ಅದು ಬರೀ ಆಂಪಿನ ತಲೆ. ಕೆಳಗಿಡುವ ಎಂಟು ಸ್ಪೀಕರುಗಳ ಪೆಟ್ಟಿಗೆಯ ತೂಕ ಬೇರೆ. ದೊಡ್ಡ ಮೈದಾನದ ಹಿಂದಿನ ಸಾಲಿಗೂ ಅದು ಕೇಳಿಸುತ್ತಿತ್ತು. ಜೊತೆಗೆ, ವಾಲ್ವುಗಳು ಬಿಸಿಯೇರಿ ದುಡಿಯುವಾಗ ಸ್ವರಕ್ಕೆ ಒಂದು ಬಗೆಯ ಒರಟು ಮಾಧುರ್ಯ, ಕೆಂಡದ ಮೇಲೆ ಸುಟ್ಟ ಜೋಳದ ತೆನೆಗೆ ಬರುವ ಕಂಪಿನಂಥದ್ದು, ಬರುತ್ತಿತ್ತು. ಅದೇ ಜನರ ಕಿವಿಯಲ್ಲಿ ಬೇಸ್ ಎಂದರೆ ಹೀಗಿರಬೇಕು ಎಂದು ಕೂತುಬಿಟ್ಟಿತು.

ಇಂಥ ದನಿ ಬೇಕು, ಆದರೆ ಬಾಡಿಗೆ ಮನೆಯಲ್ಲಿ ಬೇಕು ಎಂದರೆ?

ಸರಸ್ವತಿಪುರಂನ ಮೇಲಿನ ಮನೆ

ನನ್ನ ತಂಗಿಯ ಸಂಸಾರ ಇರುವುದು ಸರಸ್ವತಿಪುರಂನಲ್ಲಿ, ಒಂದು ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಮನೆಯ ಮಾಲೀಕರು, ವಯಸ್ಸಾದ ದಂಪತಿ. ತಂಗಿಯ ಮಗಳು ಪಿಯುಸಿಯಲ್ಲಿದ್ದಾಗ ಕೆಲಸದ ಮೇಲೆ ಊರು ಬಿಟ್ಟು ಹೊರಟ ಯಾರೋ ಹಿರಿಯ ವಿದ್ಯಾರ್ಥಿಯಿಂದ ಹಳೆಯ ಬೇಸ್ ಗಿಟಾರನ್ನೂ ಸಣ್ಣದೊಂದು ಆಂಪನ್ನೂ ಕೊಂಡು ತಂದಳು. ಮೊದಲ ವಾರ ಎಲ್ಲರಿಗೂ ಖುಷಿ. ಎರಡನೇ ವಾರ ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ತಮ್ಮಷ್ಟಕ್ಕೆ ಗಣಗಣ ಎನ್ನತೊಡಗಿದವು. ಮೂರನೇ ವಾರ ಮಾಲೀಕರು ಮೇಲೆ ಬಂದರು. ಪಾಪ, ಸೌಮ್ಯವಾಗಿಯೇ ಹೇಳಿದರು: “ಹಾಡು ಕೇಳಿಸಿದ್ರೆ ಬೇಜಾರಿಲ್ಲಮ್ಮ. ಹಾಡೇ ಕೇಳ್ಸಲ್ಲ. ಗೋಡೆ ಗುದ್ದಿದ ಹಾಗೆ ಆಗತ್ತೆ. ಇವರಿಗೆ ನಿದ್ದೆ ಬರ್ತಾ ಇಲ್ಲ.”

ಅವರು ಹೇಳಿದ್ದು ಅಕ್ಷರಶಃ ಸರಿ. ಎತ್ತರದ ಸ್ವರಗಳನ್ನು ಗೋಡೆ, ಬಾಗಿಲು, ಪರದೆಗಳು ಸಾಕಷ್ಟು ತಡೆಯುತ್ತವೆ. ತಗ್ಗು ಸ್ವರಗಳನ್ನು ತಡೆಯುವುದು ಕಷ್ಟ. ಅವು ಗೋಡೆಯನ್ನೂ ನೆಲವನ್ನೂ ಅದುರಿಸಿಕೊಂಡು ಆಚೆ ದಾಟುತ್ತವೆ. ದೂರದ ಮದುವೆ ಮೆರವಣಿಗೆಯ ಹಾಡು ಕೇಳಿಸದಿದ್ದರೂ ಅದರ ‘ದಂ ದಂ’ ಮಾತ್ರ ಕೇಳಿಸುವುದು ಇದಕ್ಕೇ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಲ್ಲಿ ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಆದರೆ ಕೆಳಗಿನ ಮನೆಯವರಿಗೆ ನಿದ್ದೆ ಇಲ್ಲದಿರುವಾಗ ಮೀಟರು ಹಿಡಿದು ವಾದ ಮಾಡುವುದರಲ್ಲಿ ಅರ್ಥವಿಲ್ಲ. ಭಾವ ತೀರ್ಮಾನ ಹೇಳಿಬಿಟ್ಟರು: ಒಂದೋ ಗಿಟಾರ್ ಹೋಗಬೇಕು, ಇಲ್ಲವೇ ಮನೆ ಬದಲಾಯಿಸಬೇಕು, ಮನೆ ಬದಲಾಯಿಸುವ ಶಕ್ತಿ ಈಗ ಇಲ್ಲ. ಹುಡುಗಿ ಊಟ ಬಿಟ್ಟಳು. ತಂಗಿ ನನಗೆ ಫೋನು ಮಾಡಿದಳು. ಭೌತಶಾಸ್ತ್ರದ ಮೇಷ್ಟ್ರು ತಾನೇ, ಏನಾದರೂ ದಾರಿ ಗೊತ್ತಿರಬಹುದು ಎಂದು.

ದಾರಿ ಇತ್ತು. ಅದು ಊಟದ ಡಬ್ಬಿಯಷ್ಟು ದೊಡ್ಡದಾಗಿತ್ತು.

ಚಪ್ಪಾಳೆಯಲ್ಲಿ ಅಡಗಿದ ಕೋಣೆ

ಇದಕ್ಕೆ ಆಂಪ್ ಮಾಡೆಲರ್ ಎನ್ನುತ್ತಾರೆ. ಒಂದು ಕಡೆ ಗಿಟಾರಿನ ತಂತಿ ಚುಚ್ಚಿ, ಇನ್ನೊಂದು ಕಡೆ ಹೆಡ್‌ಫೋನ್ ಚುಚ್ಚಿದರೆ ನಲವತ್ತು ಕಿಲೋದ ಆಂಪಿನ ಎದುರು ನಿಂತು ನುಡಿಸಿದ ಹಾಗೆ ಕೇಳಿಸುತ್ತದೆ. ಕೋಣೆಯಲ್ಲಿ ಇರುವೆ ನಡೆದರೂ ಕೇಳಿಸುವಷ್ಟು ಮೌನ. ಅಮೆರಿಕದ ಲೈನ್ 6 ಕಂಪನಿ 1998ರಲ್ಲಿ ಹುರುಳಿಕಾಳಿನ ಆಕಾರದ, ಕೆಂಪು ಬಣ್ಣದ ‘ಪಾಡ್’ ಎಂಬ ಪೆಟ್ಟಿಗೆ ಹೊರತಂದ ಮೇಲೆ ಇವು ಜನಪ್ರಿಯವಾದವು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ. ಒಂದೇ ಡಬ್ಬಿಯಲ್ಲಿ ಹತ್ತಾರು ಬಗೆಯ ಆಂಪುಗಳೂ ಇರುತ್ತವೆ.

ಇದು ಹೇಗೆ ಸಾಧ್ಯ? ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಬಚ್ಚಲುಮನೆಯಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಬಟ್ಟೆಗಳು ತುಂಬಿದ ಕೋಣೆಯಲ್ಲಿ, ಆಮೇಲೆ ಅಂಗಳದಲ್ಲಿ. ಕೈ ಅದೇ, ಚಪ್ಪಾಳೆಯೂ ಅದೇ, ಕೇಳಿಸಿದ್ದು ಬೇರೆ ಬೇರೆ. ಕಣ್ಣು ಮುಚ್ಚಿದ್ದರೂ ಯಾವ ಜಾಗವೆಂದು ನೀವು ಹೇಳಬಲ್ಲಿರಿ. ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿ ಬಂದವರಿಗೆ ಕೇಳಲೇಬೇಕಾಗಿಲ್ಲ. ಅಲ್ಲಿ ಒಂದು ಚಪ್ಪಾಳೆ ಹಲವು ಚಪ್ಪಾಳೆಗಳಾಗಿ ಮರಳಿ ಬರುತ್ತದೆ. ಅಂದರೆ, ಒಂದು ಜಾಗ ಶಬ್ದಕ್ಕೆ ಏನು ಮಾಡುತ್ತದೆ ಎಂಬುದರ ಪೂರ್ತಿ ಗುರುತು ಆ ಒಂದು ಚಪ್ಪಾಳೆಯ ಉತ್ತರದಲ್ಲಿದೆ. ಆ ಉತ್ತರವನ್ನು ದಾಖಲಿಸಿಟ್ಟುಕೊಂಡರೆ, ನಿಮ್ಮ ಮನೆಯಲ್ಲಿ ಹಾಡಿದ ಹಾಡು ಗೋಲಗುಮ್ಮಟದಲ್ಲಿ ಹೇಗೆ ಕೇಳಿಸುತ್ತಿತ್ತೆಂದು ಕಂಪ್ಯೂಟರು ಲೆಕ್ಕ ಹಾಕಿ ಕೇಳಿಸಬಲ್ಲದು. ಎಂಟು ಸ್ಪೀಕರುಗಳ ಪೆಟ್ಟಿಗೆಯೂ ಒಂದು ಜಾಗವೇ. ಅದರ ಮುಂದೆ ಮೈಕಿಟ್ಟು, ಅದರೊಳಗೆ ಒಂದು ‘ಚಪ್ಪಾಳೆ’ ಕಳಿಸಿ, ಹೊರಬಂದದ್ದನ್ನು ಬರೆದಿಟ್ಟುಕೊಳ್ಳುತ್ತಾರೆ. ಪೆಟ್ಟಿಗೆಯ ಗುರುತು ಸಿಕ್ಕಿತು.

ವಾಲ್ವ್ ಆಂಪಿನ ಗುರುತು ಹಿಡಿಯುವುದು ಇಷ್ಟು ಸುಲಭವಲ್ಲ. ಸ್ಪೀಕರ್ ಪೆಟ್ಟಿಗೆ ಮೆಲ್ಲಗಿನ ಸ್ವರಕ್ಕೂ ಜೋರು ಸ್ವರಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಉತ್ತರಿಸುತ್ತದೆ. ವಾಲ್ವ್ ಹಾಗಲ್ಲ, ಸ್ವಲ್ಪ ಮುಂಗೋಪಿ. ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿ ನುಡಿಯುತ್ತದೆ. ಜೋರಾಗಿ ಮೀಟಿದರೆ ಅಲೆಯ ತುದಿಯನ್ನು ಒತ್ತಿ ಚಪ್ಪಟೆ ಮಾಡುತ್ತದೆ. ತುದಿ ಚಪ್ಪಟೆಯಾದಾಗ ಮೂಲದಲ್ಲಿ ಇಲ್ಲದ ಮೇಲಿನ ಸ್ವರಗಳು ಹೊಸದಾಗಿ ಹುಟ್ಟುತ್ತವೆ. ನಾನು ಹೇಳಿದ ಒರಟು ಮಾಧುರ್ಯ ಅದೇ. ಇದನ್ನು ಹಿಡಿಯಲು ಕೆಲವರು ಹಳೆಯ ಆಂಪಿನ ಒಂದೊಂದು ಬಿಡಿಭಾಗದ ಗುಣವನ್ನೂ ಗಣಿತದಲ್ಲಿ ಬರೆಯುತ್ತಾರೆ. ಇನ್ನು ಕೆಲವರು ನಿಜವಾದ ಆಂಪಿಗೆ ಬಗೆಬಗೆಯ ಪರೀಕ್ಷಾ ಶಬ್ದಗಳನ್ನು ಕೊಟ್ಟು, ಅದು ಕೊಟ್ಟ ಉತ್ತರಗಳಿಂದ ಕಂಪ್ಯೂಟರಿಗೆ ಪಾಠ ಮಾಡುತ್ತಾರೆ. ಮಗು ಅಮ್ಮನ ಮಾತು ಕೇಳಿ ಕೇಳಿ ಅದೇ ಧಾಟಿಯಲ್ಲಿ ಮಾತಾಡಲು ಕಲಿಯುತ್ತದಲ್ಲ, ಹಾಗೆ.

ಇನ್ನು ಡಿಜಿಟಲ್ ಎಂದರೆ ಏನು? ತಂತಿಯಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಈ ಡಬ್ಬಿ ಸೆಕೆಂಡಿಗೆ, ಸಾಮಾನ್ಯವಾಗಿ, 48,000 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಲೆಕ್ಕವೆಲ್ಲ ಆ ಅಂಕಿಗಳ ಮೇಲೆ. ಮುಗಿದ ಮೇಲೆ ಅಂಕಿಗಳನ್ನು ಮತ್ತೆ ಏರಿಳಿತವಾಗಿಸಿ ಹೆಡ್‌ಫೋನಿಗೆ ಕಳಿಸುತ್ತದೆ. ಇಷ್ಟಕ್ಕೆಲ್ಲ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಸಮಯ ಹಿಡಿಯುತ್ತದೆ. ಸಾವಿರದ ಮೂರು ಭಾಗ ತಡವಾದರೆ, ಸ್ಪೀಕರಿನಿಂದ ಒಂದು ಮೀಟರು ದೂರ ನಿಂತು ಕೇಳಿದಷ್ಟೇ ವ್ಯತ್ಯಾಸ. ಬೆರಳಿಗೆ ಅದು ಗೊತ್ತಾಗುವುದಿಲ್ಲ.

ಬಣ್ಣ, ಮಟ್ಟ, ನೆರಳು

ಆಂಪಿನ ಜೊತೆಗೆ ಈ ಡಬ್ಬಿಗಳಲ್ಲಿ ‘ಎಫೆಕ್ಟ್’ಗಳೂ ಇರುತ್ತವೆ. ಹೆಸರು ನೋಡಿ ಹೆದರಬೇಡಿ. ಕಂಪ್ರೆಸರ್ ಎಂದರೆ ಸೇರಿನಲ್ಲಿ ಅಕ್ಕಿ ಅಳೆಯುವಾಗ ಮೇಲೆ ಕೈಯಾಡಿಸಿ ಮಟ್ಟ ಮಾಡುವ ಕೆಲಸ: ಜೋರಾದ ಸ್ವರವನ್ನು ತುಸು ಇಳಿಸಿ ಎಲ್ಲವನ್ನೂ ಒಂದು ಅಳತೆಗೆ ತರುತ್ತದೆ. ಬೇಸ್ ನುಡಿಸುವವರಿಗೆ ಬಹಳ ಬೇಕಾದದ್ದು ಇದು. ಆಕ್ಟೇವರ್ ಎಂದರೆ ನೀವು ನುಡಿಸಿದ ಸ್ವರದ ಜೊತೆಗೆ ಕೆಳಗಿನ ಸ್ಥಾಯಿಯ ಅದೇ ಸ್ವರವನ್ನೂ ನುಡಿಸುವ ನೆರಳು. ಕೋರಸ್ ಎಂದರೆ ಭಜನೆಯಲ್ಲಿ ನಾಲ್ಕು ಜನ ಒಂದೇ ಸಾಲನ್ನು ಕೂದಲೆಳೆಯಷ್ಟು ಹಿಂದೆಮುಂದೆ ಹಾಡಿದಾಗ ಬರುವ ತುಂಬು. ಓವರ್‌ಡ್ರೈವ್ ಎಂದರೆ ವಾಲ್ವಿನ ಆ ಮುಂಗೋಪ.

ಓವರ್‌ಡ್ರೈವಿನ ವಿಷಯದಲ್ಲಿ ಬೇಸಿಗೆ ಒಂದು ವಿಶೇಷ ತೊಂದರೆ ಇದೆ. ಮಾಮೂಲಿ ಗಿಟಾರಿಗೆ ಮಾಡಿದ ಓವರ್‌ಡ್ರೈವ್ ಅನೇಕ ವೇಳೆ ತಗ್ಗು ಸ್ವರದ ತಿರುಳನ್ನೇ ತಿಂದುಹಾಕಿ ಬರೀ ಗೊರಗೊರ ಉಳಿಸುತ್ತದೆ. ಹಾಗಾಗಿ ಬೇಸಿಗೆಂದೇ ಮಾಡಿದ ಡಬ್ಬಿಗಳಲ್ಲಿ ‘ಬ್ಲೆಂಡ್’ ಎಂಬ ತಿರುಪು ಇರುತ್ತದೆ. ಮೂಲ ಸ್ವರವನ್ನು ಕೆಡಿಸದೆ ಪಕ್ಕಕ್ಕಿಟ್ಟುಕೊಂಡು, ಒರಟಾದದ್ದನ್ನು ಅದರ ಮೇಲೆ ಬೇಕಷ್ಟು ಬೆರೆಸುವ ಏರ್ಪಾಡು. ಅನ್ನ ಅನ್ನವಾಗಿಯೇ ಇರುತ್ತದೆ, ಗೊಜ್ಜು ರುಚಿಗೆ ತಕ್ಕಷ್ಟು.

ಅಂದ ಹಾಗೆ, ಈ ಒರಟುತನದಿಂದ ಒಂದು ಉಪಕಾರವೂ ಇದೆ. ಮೊಬೈಲಿನ ಪುಟ್ಟ ಸ್ಪೀಕರು 41 ಅದುರಿನ ಸ್ವರವನ್ನು ನುಡಿಸಲಾರದು. ಆದರೂ ಮೊಬೈಲಿನಲ್ಲಿ ಹಾಡು ಕೇಳುವಾಗ ಬೇಸ್ ಇದ್ದಂತೆ ಅನಿಸುತ್ತದೆ. ಏಕೆಂದರೆ ಆ ಸ್ವರದ ಮೇಲಿನ ಮೆಟ್ಟಿಲುಗಳಾದ 82, 123, 164 ಕಿವಿಗೆ ಬಿದ್ದರೆ ಸಾಕು, ಕೆಳಗಿನ ಮೆಟ್ಟಿಲು ಇಂಥದ್ದೇ ಎಂದು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಓವರ್‌ಡ್ರೈವ್ ಆ ಮೇಲಿನ ಮೆಟ್ಟಿಲುಗಳನ್ನು ಗಟ್ಟಿ ಮಾಡುತ್ತದೆ. ಸಣ್ಣ ಸ್ಪೀಕರಿನಲ್ಲೂ ಬೇಸ್ ಕೇಳಿಸಬೇಕಾದರೆ ಒಂದು ಚಿಟಿಕೆ ಒರಟು ಬೇಕು.

ತಂಬೂರಿ ದಾರಿ ತೋರಿತ್ತು

ಇದೆಲ್ಲ ಪರದೇಶದ ಮಾತು ಎಂದುಕೊಳ್ಳಬೇಡಿ. ನಮ್ಮ ಮನೆಗಳಿಗೆ ಇದರ ಅಕ್ಕ ಎಂದೋ ಬಂದಿದ್ದಾಳೆ. ತಂಬೂರಿಯ ತಂತಿ ಮತ್ತು ಕುದುರೆಯ ನಡುವೆ ಒಂದು ಹತ್ತಿಯ ಎಳೆ ಸಿಕ್ಕಿಸುತ್ತಾರೆ. ಅದರ ಹೆಸರೇ ‘ಜೀವ’. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ಝೇಂಕರಿಸುತ್ತದೆ, ಇಲ್ಲದಿದ್ದರೆ ಸಪ್ಪೆ. ಆ ಎಳೆಯೂ ಕುದುರೆಯ ಬಾಗಿದ ಮೈಯೂ ಸೇರಿ ತಂತಿಯಿಂದ ಏನೇನು ಸ್ವರಗಳನ್ನು ಹೊರಡಿಸುತ್ತವೆ ಎಂಬುದನ್ನು ಸಿ.ವಿ. ರಾಮನ್ ಅವರು 1921ರ ಒಂದು ಪ್ರಬಂಧದಲ್ಲಿ ವಿವರಿಸಿದರು. ಬೆಳಕಿನ ಚದುರುವಿಕೆಯಿಂದ ಹೆಸರಾಗುವ ಮೊದಲು ಅವರ ಕಿವಿ ವೀಣೆ ತಂಬೂರಿಗಳ ಮೇಲಿತ್ತು.

ಅದಾಗಿ ಅರ್ಧ ಶತಮಾನ ದಾಟಿದ ಮೇಲೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರಾಡೆಲ್ ಸಂಸ್ಥೆ ಶುರು ಮಾಡಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ಆಳೆತ್ತರದ ತಂಬೂರಿ ಇಡಲು ಜಾಗವಿಲ್ಲದ ಮನೆಗೂ, ತಂಬೂರಿ ಮೀಟಲು ಜೊತೆಗಾರರಿಲ್ಲದ ಗೃಹಿಣಿಗೂ ಬೆಳಗಿನ ಸಾಧನೆ ಸಾಧ್ಯವಾಯಿತು. ಇದು ತಂಬೂರಿಯೇ ಅಲ್ಲ ಎಂದು ಮೂಗು ಮುರಿದವರಿದ್ದರು. ಇವತ್ತು ಸಂಗೀತ ಪಾಠ ನಡೆಯುವ ಮನೆಗಳಲ್ಲಿ ಆ ಪೆಟ್ಟಿಗೆಯೋ ಮೊಬೈಲಿನ ತಂಬೂರಿಯೋ ಇಲ್ಲದಿರುವುದು ಅಪರೂಪ.

ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ತಂಬೂರಿ ಪೆಟ್ಟಿಗೆಯ ಗುಂಡಿ ಒತ್ತಿ ನೀವು ಕಾಫಿ ಕುಡಿಯಲು ಹೋದರೂ ಅದು ತನ್ನ ಪಾಡಿಗೆ ನುಡಿಯುತ್ತಿರುತ್ತದೆ. ಆಂಪ್ ಮಾಡೆಲರ್ ನೀವು ಮೀಟದಿದ್ದರೆ ತುಟಿ ಬಿಚ್ಚುವುದಿಲ್ಲ. ತಪ್ಪಾಗಿ ಮೀಟಿದರೆ, ಆ ತಪ್ಪನ್ನೇ 300 ವ್ಯಾಟಿನ ಗಾಂಭೀರ್ಯದಲ್ಲಿ ಕೇಳಿಸುತ್ತದೆ.

ಕೊಳ್ಳುವ ಮುಂಚೆ

ಇಂಥದ್ದು ತೆಗೆದುಕೊಡಿ ಎಂದು ಮಕ್ಕಳು ಕೇಳುತ್ತಿರುವ ಮನೆಗಳಿಗೆ ಕೆಲವು ಮಾತು.

ಒಂದು, ‘ಬೇಸ್’ ಎಂದು ಬರೆದಿರುವ ಡಬ್ಬಿಯನ್ನೇ, ಇಲ್ಲವೇ ಬೇಸ್ ಆಂಪುಗಳೂ ಸೇರಿರುವುದನ್ನು ಕೊಳ್ಳಿ. ಇನ್ನೂರು ಎಫೆಕ್ಟ್ ಇದೆ ಎಂಬುದು ದೊಡ್ಡ ವಿಷಯವಲ್ಲ. ಒಳ್ಳೆಯ ಒಂದು ಸ್ವಚ್ಛ ದನಿ, ಕಂಪ್ರೆಸರ್, ಟ್ಯೂನರ್ ಇದ್ದರೆ ಕಲಿಯುವವರಿಗೆ ವರ್ಷಗಟ್ಟಲೆ ಸಾಕು.

ಎರಡು, ಅಡಾಪ್ಟರ್. ಎಫೆಕ್ಟ್ ಪೆಡಲುಗಳಲ್ಲಿ ಹೆಚ್ಚಿನವು 9 ವೋಲ್ಟಿನವು, ಅವುಗಳ ಪಿನ್ನಿನ ನಡುವೆ ಮೈನಸ್. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. “ಪಿನ್ ಕೂರುತ್ತಲ್ಲ” ಎಂದು ಚುಚ್ಚಿದರೆ ಡಬ್ಬಿ ಸುಟ್ಟುಹೋಗಬಹುದು. ಡಬ್ಬಿಯ ಹಿಂದಿರುವ ಪುಟ್ಟ ಚಿತ್ರವನ್ನೂ, ಎಷ್ಟು ಮಿಲಿಆಂಪ್ ಬೇಕು ಎಂಬುದನ್ನೂ ಓದಿಯೇ ಚುಚ್ಚಿ.

ಮೂರು, ಗುಂಯ್‌ಗುಡುವ ಸದ್ದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಹರಿಯುತ್ತದೆ. ದಪ್ಪ ತಂತಿಯ ಮೂರನೇ ಮನೆಯ ಸ್ವರ 49. ಹಾಗಾಗಿ ಕರೆಂಟಿನ ಗುಂಯ್ ಬೇಸಿನ ಸ್ವರದ ಪಕ್ಕದಲ್ಲೇ ಕೂತು ಅಪಸ್ವರ ಹಾಡುತ್ತದೆ. ಪ್ಲಗ್ಗಿನ ಅರ್ತ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಇದು ಸಂಗೀತಕ್ಕಿಂತ ಹೆಚ್ಚಾಗಿ ಜೀವದ ಪ್ರಶ್ನೆ. ಲೋಹದ ತಂತಿ ಮುಟ್ಟಿ ನಿಂತಿರುವುದು ನಿಮ್ಮ ಮಗು.

ನಾಲ್ಕು, ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರಲ್ಲಿ ಶಬ್ದ ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಬೆರಳು ಈಗ ಮೀಟಿದರೆ ಕಿವಿ ಆಮೇಲೆ ಕೇಳುತ್ತದೆ. ವೈರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದು. ದನಿ ಏರಿಸುವ ಆಸೆಯನ್ನು ಹಿಡಿತದಲ್ಲಿಡಿ. ತಗ್ಗು ಸ್ವರ ಕಿವಿಗೆ ಮೆದುವಾಗಿ ಕೇಳುವುದರಿಂದ ಇನ್ನಷ್ಟು, ಇನ್ನಷ್ಟು ಎಂದು ತಿರುಪು ತಿರುಗಿಸುತ್ತೇವೆ. ನುಡಿಸಿದ ಮೇಲೆ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ ಅದು ಹೆಚ್ಚಾಯಿತೆಂದೇ ಅರ್ಥ. ಗಂಟೆಗೊಮ್ಮೆ ಹೆಡ್‌ಫೋನ್ ತೆಗೆದು ಕಿವಿಗೆ ಬಿಡುವು ಕೊಡಲಿ.

ಅಜ್ಜಿ ಕೇಳಿದ ಪ್ರಶ್ನೆ

ಭಾವ ಒಂದು ಮೊಬೈಲಿಗೆ ಕೊಡುವ ದುಡ್ಡಿಗಿಂತ ಕಡಿಮೆಯಲ್ಲಿ ಅಂಥದ್ದೊಂದು ಡಬ್ಬಿ ಕೊಡಿಸಿದರು. ಮಾಲೀಕರಿಗೆ ನಿದ್ದೆ ಬಂತು. ಲೋಟಗಳು ಸುಮ್ಮನಾದವು. ಹುಡುಗಿ ರಾತ್ರಿ ಹತ್ತರ ಮೇಲೂ ನುಡಿಸುವಂತಾದಳು. ಈ ಅಂಕಣ ಇಲ್ಲಿಗೇ ಮುಗಿಯಬಹುದಿತ್ತು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ನಾನು ಅಲ್ಲಿದ್ದೆ. ಹುಡುಗಿಯ ಅಜ್ಜಿ, ಭಾವನ ತಾಯಿ, ಚಿಕ್ಕ ವಯಸ್ಸಿನಲ್ಲಿ ವೀಣೆ ಕಲಿತವರು. ಹೂಬತ್ತಿ ಹೊಸೆಯುತ್ತ ಕೂತಿದ್ದವರು ಮೊಮ್ಮಗಳನ್ನು ಕೇಳಿದರು: “ಏನೇ, ನುಡಿಸೋದು ಬಿಟ್ಟೇಬಿಟ್ಟೆಯಾ?”

“ಇಲ್ಲ ಅಜ್ಜಿ, ದಿನಾ ಎರಡು ಗಂಟೆ ನುಡಿಸ್ತೀನಿ.”

“ಮನೇಲಿರೋರಿಗೇ ಗೊತ್ತಾಗಲ್ವಲ್ಲೇ. ನಮ್ಮ ಕಾಲದಲ್ಲಿ ವೀಣೆ ಹಿಡಿದು ಕೂತರೆ ಅಡುಗೆಮನೆಯಿಂದ ನಮ್ಮಮ್ಮ ಕೂಗಿ ಹೇಳೋರು, ‘ಆ ಗಾಂಧಾರ ಸರಿಯಿಲ್ಲ’ ಅಂತ. ನಿನಗೆ ಯಾರು ಹೇಳ್ತಾರೆ?”

ಹುಡುಗಿ ನಕ್ಕು, ಹೆಡ್‌ಫೋನ್ ತೆಗೆದು ಅಜ್ಜಿಯ ತಲೆಗೆ ಏರಿಸಿದಳು. ತಾನು ಕೇಳಿಸಿಕೊಳ್ಳದೆಯೇ, ಬೆರಳಿನ ಅಂದಾಜಿನ ಮೇಲೆ ಒಂದು ಪೂರ್ತಿ ಹಾಡಿಗೆ ಬೇಸ್ ನುಡಿಸಿದಳು. ಅಜ್ಜಿ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ ಕೇಳಿದರು. ಮುಗಿದ ಮೇಲೆ ಹೇಳಿದರು: “ಚೆನ್ನಾಗಿದೆ. ಮೃದಂಗದ ಎಡಗಡೆ ನಾದದ ಹಾಗಿದೆ. ಆದರೆ ಕಾಲ ಓಡ್ತಾ ಇದೆ ಕಣೆ. ಶುರು ಮಾಡಿದ್ದಕ್ಕೂ ಮುಗಿಸಿದ್ದಕ್ಕೂ ಎಷ್ಟು ವ್ಯತ್ಯಾಸ!”

ಹುಡುಗಿಯ ಮುಖ ಸಣ್ಣದಾಯಿತು. ಬೇಸ್ ನುಡಿಸುವವರಿಗೆ ಅದಕ್ಕಿಂತ ದೊಡ್ಡ ಆಕ್ಷೇಪಣೆ ಇಲ್ಲ. ತಂಡದ ಲಯ ನಿಲ್ಲುವುದೇ ಅವರ ಹೆಗಲ ಮೇಲೆ. ಎರಡು ತಿಂಗಳು ಆ ಡಬ್ಬಿ ಅವಳಿಗೆ ಹೊಸ ಹೊಸ ಆಂಪುಗಳನ್ನೂ ಬಣ್ಣಗಳನ್ನೂ ತೋರಿಸಿತ್ತು. ಕಾಲ ಓಡುತ್ತಿದೆ ಎಂದು ಹೇಳಿರಲಿಲ್ಲ. ಕೇಳುಗರ ಆ ಕಿವಿ ಅದರಲ್ಲಿಲ್ಲ.

ಹೆಡ್‌ಫೋನ್ ಹಾಕಿಕೊಂಡ ಮಗು ಹಿಂದಿನ ಸಾಲೇ ಇಲ್ಲದ ಸಭೆಯಲ್ಲಿ ನುಡಿಸುತ್ತಿರುತ್ತದೆ. ತಪ್ಪಿದಾಗ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಕಲಿಯುವವರಿಗೆ ದೊಡ್ಡ ನೆಮ್ಮದಿ, ನಾಚಿಕೆಯ ಮಕ್ಕಳಿಗಂತೂ ವರ. ಆದರೆ ಅಪ್ಪನ ಒಂದು ‘ಭೇಷ್’, ತಮ್ಮನ ಒಂದು ಗೇಲಿ, ಅಜ್ಜಿಯ ಒಂದು ‘ಕಾಲ ಓಡ್ತಿದೆ’ ಕೂಡ ಆ ಮೌನದಲ್ಲೇ ಹೊರಗುಳಿದುಬಿಡುತ್ತವೆ. ಮನೆಯವರಿಗಾದರೂ ಅಷ್ಟೆ. ಮಗಳು ಏನು ಕಲಿಯುತ್ತಿದ್ದಾಳೆ, ನಿನ್ನೆಗಿಂತ ಇವತ್ತು ಎಷ್ಟು ಮುಂದೆ ಹೋದಳು ಎಂಬುದು ಮುಚ್ಚಿದ ಬಾಗಿಲಿನ ಆಚೆ ಉಳಿಯುತ್ತದೆ.

ಈಗ ಆ ಮನೆಯಲ್ಲಿ ಒಂದು ಏರ್ಪಾಡಾಗಿದೆ. ಆರು ದಿನ ಹೆಡ್‌ಫೋನ್. ಭಾನುವಾರ ಸಂಜೆ ಐದೂವರೆಯಿಂದ ಅರ್ಧ ಗಂಟೆ, ಡಬ್ಬಿಯಿಂದ ಸಣ್ಣ ಆಂಪಿನ ಸ್ಪೀಕರಿಗೆ ವೈರು. ಆಂಪಿನ ಕೆಳಗೆ ದಪ್ಪ ರಬ್ಬರಿನ ಹಾಸು. ನೆಲಕ್ಕೆ ಅದುರು ಇಳಿಯುವುದು ಅಷ್ಟರಮಟ್ಟಿಗೆ ಕಡಿಮೆ. ಡಬ್ಬಿಯಲ್ಲಿ ತೀರ ತಗ್ಗಿನ ಸ್ವರಗಳನ್ನು ಒಂದಿಷ್ಟು ಇಳಿಸಿ, ಚಿಟಿಕೆ ಓವರ್‌ಡ್ರೈವ್ ಬೆರೆಸುತ್ತಾಳೆ. ಗೋಡೆ ಗುದ್ದುವುದಿಲ್ಲ, ಸ್ವರ ಮಾತ್ರ ಸ್ಪಷ್ಟ. ಮಾಲೀಕರಿಗೆ ಮುಂಚೆಯೇ ಹೇಳಿ ಒಪ್ಪಿಗೆ ಪಡೆದಿದ್ದಾರೆ. ಅಜ್ಜಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಾರೆ, ಕೈಯಲ್ಲಿ ತಾಳ.

ಕಳೆದ ತಿಂಗಳು ಕೆಳಗಿನ ಮನೆಯ ಯಜಮಾನರು ಮೆಟ್ಟಿಲು ಹತ್ತಿ ಬಂದಾಗ ತಂಗಿಗೆ ಎದೆ ಧಸಕ್ ಎಂದಿತಂತೆ. ಅವರು ಕೇಳಲು ಬಂದದ್ದು, ಹೋದ ವಾರ ನುಡಿಸಿದ ಹಳೇ ಸಿನಿಮಾ ಹಾಡು ಈ ವಾರವೂ ಉಂಟೇ ಎಂದು.